ಆಟಕ್ಕುಂಟು, ಲೆಕ್ಕಕ್ಕಿಲ್ಲ



ಬದುಕು ಒಂದು ಆಟ, ಸೋಲು-ಗೆಲುವು ಇದ್ದದ್ದೇ, ಆಟವೆಂದು ತಿಳಿದು ಆಡಿಬಿಡಬೇಕು ಎನ್ನುವ ಮಾತು ಈಚೆಗೆ ನಮ್ಮ ಕಿವಿಗೆ ಬಹಳ ಬೀಳುತ್ತಿದೆ. ಹತ್ತನೆಯ ತರಗತಿಯ ಫಲಿತಾಂಶದ ದಿನ ಬೀಳುತ್ತದೆ, ಕೆಲಸ ಕಳೆದುಕೊಂಡವರ ಮನೆಯಲ್ಲಿ ಬೀಳುತ್ತದೆ. ಮಣ್ಣು ಮಾಡಿ ಬಂದು ಅಂಗಳದಲ್ಲಿ ಚಹಾ ಕುಡಿಯುವಾಗಲೂ ಯಾರಾದರೊಬ್ಬರು ಅದನ್ನು ಹೇಳಿಯೇ ತೀರುತ್ತಾರೆ. ನಮ್ಮ ಧರ್ಮಪ್ರಾಂತ್ಯದಲ್ಲಿ ಭಾಷೆಗಳಿಗೆ ಬರವಿಲ್ಲ. ಹಾಗಾಗಿ ಮರಾಠಿ, ಇಂಗ್ಲಿಷ್, ಕೊಂಕಣಿ, ತಮಿಳು, ಕನ್ನಡ ಎಲ್ಲದರಲ್ಲೂ ಒಂದೇ ಸಮಾಧಾನ ಸುತ್ತಿ ಸುತ್ತಿ ಬರುತ್ತದೆ.

ವಿಜಾಪುರ ರಸ್ತೆಯ ಒಂದು ಮನೆಯಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಮಗ ಮೊಬೈಲಿನಲ್ಲಿ ರಮ್ಮಿ ಆಡಿ ಮನೆಯ ದುಡ್ಡನ್ನೆಲ್ಲ ಕಳೆದಿದ್ದ. ಸಮಾಧಾನ ಹೇಳಲು ಹೋದವರು ಆಟ, ಸೋಲು, ಗೆಲುವು ಎಂದು ಶುರು ಮಾಡಿದರು. ಬೀಡಿ ಕಟ್ಟುತ್ತಿದ್ದ ತಾಯಿ ತಲೆ ಎತ್ತದೆ ಕೇಳಿದಳು: "ಆಟ ಅಂತೀರಲ್ರೀ ಅಣ್ಣಾ, ಆಡ್ಲಿಕ್ಕ ನಮ್ಮನ್ನ ಕರದವ್ರ ಯಾರು?"

ಆ ಪ್ರಶ್ನೆಯನ್ನು ನಾವು ಅಲ್ಲಿಗೇ ಬಿಡಲಾರೆವು. ಆಟವೊಂದು ಆಟವಾಗಬೇಕಾದರೆ ಆಡುವವರು ಒಪ್ಪಿ ಬಂದಿರಬೇಕು, ನಿಯಮ ಮೊದಲೇ ಗೊತ್ತಿರಬೇಕು, ಗೆರೆ ಎಲ್ಲಿದೆಯೆಂದು ಕಾಣಬೇಕು, ಹೊತ್ತು ಮುಳುಗಿದ ಮೇಲೆ ಸೋಲನ್ನು ಮೈದಾನದಲ್ಲೇ ಬಿಟ್ಟು ಮನೆಗೆ ಬರುವಂತಿರಬೇಕು. ಈ ತಾಯಿಯ ಸೋಲು ಅವಳಿಗಿಂತ ಮೊದಲೇ ಮನೆಗೆ ಬಂದು ಕೂತಿದೆ. ಸಾವಿರ ಬೀಡಿ ಕಟ್ಟಿದರೆ ಇಷ್ಟು ಕೂಲಿ ಎಂಬ ಲೆಕ್ಕ, ಅದರಲ್ಲಿ ಇಷ್ಟು ಸರಿಯಿಲ್ಲವೆಂದು ತೆಗೆದುಹಾಕುವ ಲೆಕ್ಕ, ಯಾವುದನ್ನೂ ಅವಳನ್ನು ಕೇಳಿ ಬರೆದಿಲ್ಲ.

ಹಾಗೆಂದು ಆ ಮಾತೇ ಸುಳ್ಳೆಂದು ತಳ್ಳಿಹಾಕಲೂ ನಮಗೆ ಮನಸ್ಸಿಲ್ಲ. ಪಾರ್ಶ್ವವಾಯು ಹೊಡೆದು ಬಲಗಾಲು ಸೋತ ಅಜ್ಜಿಯೊಬ್ಬರು ಗೋಡೆ ಹಿಡಿದು ದಿನವೂ ಹೆಜ್ಜೆ ಎಣಿಸುತ್ತಿದ್ದರು. "ನಿನ್ನೆ ಹತ್ತ ಹೆಜ್ಜಿ, ಇವತ್ತ ಹನ್ನೆರಡ. ಡಾವ್ ನಂದೇ ಅದ" ಎಂದು ನಗುತ್ತಿದ್ದರು. ಅವರಿಗೆ ಆ ಕಾಲು ನಿಜವಾಗಿಯೂ ಆಟದ ಎದುರಾಳಿಯಾಗಿತ್ತು, ಆಟವೇ ಅವರನ್ನು ಎಬ್ಬಿಸಿ ನಿಲ್ಲಿಸಿತು. ಮಾತು ಒಂದೇ. ಅಜ್ಜಿ ತಮ್ಮ ನೋವಿನ ಬಗ್ಗೆ ತಾವೇ ಹೇಳಿಕೊಂಡದ್ದು. ಮೇಲಿನ ಮನೆಯಲ್ಲಿ ಅದನ್ನು ಹೇಳಿದವರು ಗೆರೆಯ ಹೊರಗೆ ನಿಂತು ನೋಡುತ್ತಿದ್ದವರು. ನೋಯುವವರು ಹೇಳಿದರೆ ಧೈರ್ಯವಾಗುವ ಮಾತು ನೋಡುವವರು ಹೇಳಿದರೆ ಕಟುವಾಗುತ್ತದೆ.

ಧರ್ಮಸಭೆಗೆ ಆಟ ಎಂದರೆ ಮುನಿಸು ಎಂದು ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. ಪ್ರೇಷಿತ ಯೊವಾನ್ನರ ಬಗ್ಗೆ ಹಳೆಯದೊಂದು ಕಥೆಯಿದೆ. ಶಿಷ್ಯರೊಂದಿಗೆ ಅವರು ಆಟವಾಡುತ್ತಿದ್ದುದನ್ನು ಕಂಡು ಯಾರೋ ಆಕ್ಷೇಪಿಸಿದಾಗ ಅವರು ಬಿಲ್ಲು ಹಿಡಿದ ಒಬ್ಬನನ್ನು ತೋರಿಸಿ, ಸದಾ ಹೆದೆ ಏರಿಸಿಯೇ ಇಟ್ಟರೆ ಬಿಲ್ಲು ಏನಾದೀತು ಎಂದು ಕೇಳಿದರಂತೆ. ಸಂತ ತೋಮಾಸ್ ಅಕ್ವಿನಾಸ್ ತಮ್ಮ ಮಹಾಗ್ರಂಥದಲ್ಲಿ ಈ ಕಥೆಯನ್ನೇ ತೆಗೆದುಕೊಂಡು, ದಣಿದ ಮೈಗೆ ನಿದ್ದೆ ಹೇಗೋ ದಣಿದ ಮನಸ್ಸಿಗೆ ಆಟ ಹಾಗೆ ಎಂದು ವಾದಿಸುತ್ತಾರೆ. ತಾನೂ ನಗದೆ ಇನ್ನೊಬ್ಬರ ನಗುವನ್ನೂ ಕೆಡಿಸುವ ಸಿಡುಕನದು ಕೂಡ ದೋಷವೇ ಎಂದು ಅವರು ಎಣಿಸುವುದನ್ನು ನಮ್ಮ ಕೆಲವು ಹಿರಿಯರು ಗಮನಿಸಬೇಕು! ಅವಿಲಾದ ಸಂತ ತೆರೇಸಾ ತಮ್ಮ ಮಠದ ಸೋದರಿಯರಿಗೆ ಪ್ರಾರ್ಥನೆ ಕಲಿಸುವಾಗ ಚದುರಂಗದ ಹೋಲಿಕೆ ಕೊಟ್ಟರು. ಆ ಹಲಗೆಯ ಮೇಲೆ ದೈವೀ ಅರಸನನ್ನು ಸೋಲಿಸಬಲ್ಲ ರಾಣಿ ಎಂದರೆ ದೀನತೆ ಎಂದರು. ಮಠದಲ್ಲಿ ಮಾತ್ರ ಆ ಆಟಕ್ಕೆ ಅವಕಾಶವಿರಲಿಲ್ಲ.

ಆದರೆ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರ ಬರುವುದು ಮಕ್ಕಳು. ಕನ್ನಡದಲ್ಲಿ ಒಂದು ಗಾದೆಯಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ದೊಡ್ಡ ಹುಡುಗರ ಆಟಕ್ಕೆ ತಾನೂ ಬರುತ್ತೇನೆಂದು ಪುಟ್ಟ ತಮ್ಮನೋ ತಂಗಿಯೋ ಅತ್ತರೆ ಅವರನ್ನು ಸೇರಿಸಿಕೊಳ್ಳುತ್ತಾರೆ. ಓಡಬಹುದು, ಕೂಗಬಹುದು, ಮುಟ್ಟಿದರೂ ಔಟ್ ಇಲ್ಲ. ನಮ್ಮ ಸೊಲ್ಲಾಪುರದ ಓಣಿಗಳಲ್ಲಿ ಮರಾಠಿ ಮಕ್ಕಳು ಇಂಥವರನ್ನು 'ಲಿಂಬೂ-ಟಿಂಬೂ' ಎಂದು ಕರೆಯುತ್ತಾರೆ. ಯಾವ ಪುಸ್ತಕದಲ್ಲೂ ಬರೆಯದ ಈ ನಿಯಮವನ್ನು ಆರೇಳು ವರ್ಷದ ಮಕ್ಕಳೇ ಮಾಡಿಕೊಂಡಿದ್ದಾರೆ. ಬಲವಿಲ್ಲದವನನ್ನು ಹೊರಗಿಡುವುದು ಬೇಡ, ಅವನ ತಪ್ಪನ್ನು ಎಣಿಸುವುದೂ ಬೇಡ. ಇದರಲ್ಲಿರುವ ಕರುಣೆಯನ್ನು ನಾವು ದೊಡ್ಡವರಾದಂತೆ ಮರೆಯುತ್ತೇವೆ.

ಮರೆತ ಮೇಲೆ ಅದೇ ಗಾದೆ ಬೇರೊಂದು ಬಣ್ಣ ತಾಳುತ್ತದೆ. ದೊಡ್ಡವರ ಜಗತ್ತಿನಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದರೆ ದುಡಿಯಲು ಬೇಕು, ಮಾತಿಗೆ ಬೇಡ ಎಂದರ್ಥ. ನಮಗೆ ಇದು ಹೊಸದಲ್ಲ. ಭೀಮೆಯ ಈಚೆ ದಡದಲ್ಲಿ ನಾವು ಕನ್ನಡದವರು. ಕನ್ನಡದವರ ನಡುವೆ ಕ್ರೈಸ್ತರು. ಕ್ರೈಸ್ತರ ನಡುವೆ ಮರಾಠಿ ಬಲಿಪೂಜೆಗೆ ಮರಾಠಿಯಲ್ಲಿ ಉತ್ತರಿಸಿ, ಜಪಮಾಲೆಯನ್ನು ಮನೆಯಲ್ಲಿ ಕನ್ನಡದಲ್ಲಿ ಹೇಳುವವರು. ವಿಜಾಪುರದ ಕಡೆಯ ನೆಂಟರು ನಮ್ಮನ್ನು 'ಮಹಾರಾಷ್ಟ್ರದವರು' ಎನ್ನುತ್ತಾರೆ, ಇಲ್ಲಿಯವರು 'ಕಾನಡಿ' ಎನ್ನುತ್ತಾರೆ. ಇದರಲ್ಲಿ ದೂರು ಕಡಿಮೆ, ಅನುಭವ ಹೆಚ್ಚು. ಲೆಕ್ಕಕ್ಕಿಲ್ಲದವರ ಜಾಗ ಎಂಥದೆಂದು ಗೊತ್ತಿರುವವರಿಗೆ ಆ ಜಾಗದಲ್ಲಿ ಇನ್ನು ಯಾರು ಯಾರು ನಿಂತಿದ್ದಾರೆ ಎಂಬುದು ಬೇಗ ಕಣ್ಣಿಗೆ ಬೀಳಬೇಕು.

ಮಕ್ಕಳ ಇನ್ನೊಂದು ಪದವೂ ನಮಗೆ ಇಷ್ಟ. ಮುಟ್ಟಾಟದಲ್ಲಿ ಎಲ್ಲರನ್ನೂ ಅಟ್ಟಿಸಿಕೊಂಡು ಹೋಗಿ ಮುಟ್ಟಬೇಕಾದ ಹುಡುಗನ ಮೇಲೆ 'ರಾಜ್ಯ' ಬಂತು ಎಂದು ಮರಾಠಿಯಲ್ಲಿ ಹೇಳುತ್ತಾರೆ. ಬೆವರು ಸುರಿಸುವವನು ಅವನು, ಎಲ್ಲರೂ ತಪ್ಪಿಸಿಕೊಂಡು ಓಡುವುದು ಅವನಿಂದ, ನಗೆಪಾಟಲಾಗುವವನೂ ಅವನೇ. ರಾಜ್ಯ ಮಾತ್ರ ಅವನದು. ಯಾರು ಎಂದು ಇಟ್ಟ ಹೆಸರೋ ನಮಗೆ ತಿಳಿಯದು. ಮುಳ್ಳಿನ ಕಿರೀಟ ತೊಟ್ಟ ಅರಸನನ್ನು ಆರಾಧಿಸುವ ನಮಗೆ ಈ ಪದ ಕೇಳಿದಾಗ ಏನೂ ಅನ್ನಿಸದೆ ಇರುವುದು ಹೇಗೆ?

ಇನ್ನು ದೊಡ್ಡವರ ಆಟಕ್ಕೆ ಬರೋಣ. ಭೀಮಾತೀರದ ಹಳ್ಳಿಗಳಲ್ಲಿ ದೊಡ್ಡಾಟ ನೋಡಿ ಬೆಳೆದವರಿಗೆ ಪಗಡೆಯ ಪ್ರಸಂಗ ಹೇಳಿಕೊಡಬೇಕಾಗಿಲ್ಲ. ಧರ್ಮರಾಯ ರಾಜ್ಯ ಸೋತ, ತಮ್ಮಂದಿರನ್ನು ಸೋತ, ತನ್ನನ್ನು ಸೋತ, ಕೊನೆಗೆ ದ್ರೌಪದಿಯನ್ನು ಪಣಕ್ಕಿಟ್ಟ. ಸಭೆಗೆ ಕರೆಸಿದಾಗ ಅವಳು ಒಂದು ಕಾನೂನಿನ ಪ್ರಶ್ನೆ ಕೇಳಿದಳು: ತನ್ನನ್ನು ಮೊದಲು ಸೋತವನಿಗೆ ನನ್ನನ್ನು ಪಣಕ್ಕಿಡುವ ಅಧಿಕಾರ ಎಲ್ಲಿಂದ ಬಂತು? ಹಿರಿಯರು ತುಂಬಿದ ಸಭೆ ಉತ್ತರ ಕೊಡಲಾರದೆ ತಲೆತಗ್ಗಿಸಿತು. ಆಟದಲ್ಲಿ ಆಡುವವರು ಇರುವಂತೆ ಪಣವಾಗುವವರೂ ಇರುತ್ತಾರೆ ಎಂಬುದನ್ನು ಇದಕ್ಕಿಂತ ಚೊಕ್ಕವಾಗಿ ಹೇಳಿದ ಪ್ರಸಂಗ ನಮಗೆ ಗೊತ್ತಿಲ್ಲ. ಪಣಕ್ಕೆ ಸೋಲು ಮಾತ್ರ ಉಂಟು. ಗೆದ್ದರೂ ಗೆಲುವು ಅದರದಲ್ಲ.

ಕಲ್ವಾರಿ ಬೆಟ್ಟದಲ್ಲೂ ಒಂದು ಆಟ ನಡೆಯಿತು. ಶಿಲುಬೆಯ ಬುಡದಲ್ಲಿ ಸೈನಿಕರು ಹೊಲಿಗೆಯಿಲ್ಲದ ಆ ನಿಲುವಂಗಿಗಾಗಿ ಚೀಟಿ ಹಾಕಿದರೆಂದು ನಾಲ್ಕು ಶುಭಸಂದೇಶಗಳ ಪೈಕಿ ಯೊವಾನ್ನರದು ಬಿಡಿಸಿ ಹೇಳುತ್ತದೆ. ಅವರು ವಿಶೇಷ ದುಷ್ಟರೇನಲ್ಲ, ಪಾಳಿ ಮುಗಿಯುವವರೆಗೆ ಹೊತ್ತು ಕಳೆಯಬೇಕಿತ್ತು. ಅವರ ತಲೆಯ ಮೇಲೆ ಒಬ್ಬ ಮನುಷ್ಯ ಉಸಿರಿಗಾಗಿ ಹೆಣಗುತ್ತಿದ್ದ. ಇನ್ನೊಬ್ಬನ ಸಂಕಟದ ಕೆಳಗೆ ಕೂತು ಆಡುವುದು ಅಷ್ಟು ಸುಲಭ.

ಸೊಲ್ಲಾಪುರಕ್ಕೆ ಈ ಆಟದ ಪರಿಚಯ ಹಳೆಯದು. 1877ರಲ್ಲಿ ಇಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾಯಿತು. ಹತ್ತಿಯ ಮೇಲೆಯೇ ಈ ಊರು ಬೆಳೆಯಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಯಾರ ಅಜ್ಜನನ್ನೂ ಯಾರೂ ಕೇಳಲಿಲ್ಲ. ಹತ್ತಿ ನೂಲುವವರ ಜೇಬಿಗೆ ಕೈಹಾಕಿದ ಮಟ್ಕಾ ಹುಟ್ಟಿದ್ದು ಕೂಡ ಹತ್ತಿಯಿಂದಲೇ. ಮೊದಲು ಮುಂಬಯಿಯಲ್ಲಿ ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯ ಬೆಳಗಿನ ದರ, ಸಂಜೆಯ ದರಗಳ ಅಂಕಿಯ ಮೇಲೆ ಪಣ ಕಟ್ಟುತ್ತಿದ್ದರು. ಓಪನ್, ಕ್ಲೋಸ್ ಎಂಬ ಮಾತು ಅಲ್ಲಿಂದ ಬಂದದ್ದು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತ ಮೇಲೆ ಮಡಕೆಯಿಂದ ಅಂಕಿಯ ಚೀಟಿ ಎತ್ತತೊಡಗಿದರು, ಮಡಕೆಯೇ ಮಟ್ಕಾ ಆಯಿತು. ಹಗಲೆಲ್ಲ ಹತ್ತಿಯ ಧೂಳು ಕುಡಿದವನು ಸಂಜೆ ತನ್ನ ಕೂಲಿಯನ್ನು ಎಲ್ಲೋ ಸಮುದ್ರದಾಚೆಯ ಹತ್ತಿಯ ಅಂಕಿಯ ಮೇಲೆ ಇಟ್ಟ. ತಾನು ಆಡುತ್ತಿದ್ದೇನೆ ಎಂದುಕೊಂಡ.

ಈಗ ಮಡಕೆ ಅಂಗಿಯ ಜೇಬಿನಲ್ಲಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿತು. ಕಾನೂನು ಬಂದದ್ದು ಒಳ್ಳೆಯದೇ. ಅದಕ್ಕೂ ಮೊದಲು ಹೋದ ದುಡ್ಡು ಮರಳಿ ಬರಲಿಲ್ಲ, ಸಾಲ ಕೊಟ್ಟವರು ಕಾನೂನು ಓದಿಕೊಂಡು ಬಾಗಿಲಿಗೆ ಬರುವುದಿಲ್ಲ. ನಮ್ಮ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2413ನೆಯ ಪರಿಚ್ಛೇದದಲ್ಲಿ ಈ ವಿಷಯದಲ್ಲಿ ಬಹಳ ಸಮತೂಕದಿಂದ ಮಾತಾಡುತ್ತದೆ. ಅದೃಷ್ಟದ ಆಟ ತನ್ನಷ್ಟಕ್ಕೆ ಅನ್ಯಾಯವಲ್ಲ, ಆದರೆ ಒಬ್ಬನ ಮತ್ತು ಅವನನ್ನು ನಂಬಿದವರ ಅಗತ್ಯಕ್ಕೆ ಬೇಕಾದುದನ್ನು ಅದು ಕಸಿದುಕೊಂಡಾಗ ಒಪ್ಪತಕ್ಕದ್ದಲ್ಲ, ಜೂಜಿನ ಚಟ ಮನುಷ್ಯನನ್ನು ಗುಲಾಮನನ್ನಾಗಿಸಬಹುದು ಎಂಬುದು ಅದರ ಸಾರ. ಅವನನ್ನು ನಂಬಿದವರು ಎಂಬಲ್ಲಿ ನಮ್ಮ ಕಣ್ಣು ನಿಲ್ಲುತ್ತದೆ. ರಮ್ಮಿ ಆಡಿದವನು ಮಗ. ಪಣಕ್ಕಿಟ್ಟದ್ದು ತಾಯಿ ಕಟ್ಟಿದ ಬೀಡಿಗಳನ್ನು. ಅವಳು ದ್ರೌಪದಿಯಂತೆ ಕಾನೂನು ಮಾತಾಡಲಿಲ್ಲ, ಆದರೂ ಕೇಳಿದ್ದು ಅದೇ ಪ್ರಶ್ನೆ.

ಹಾಗಾದರೆ ಸಂತ ಪೌಲರು? ಕ್ರೈಸ್ತ ಬದುಕನ್ನು ಓಟಕ್ಕೆ ಹೋಲಿಸಿದವರು ಅವರೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು. ಕೊರಿಂಥದ ಜನರಿಗೆ ಅವರು ಬರೆಯುವಾಗ ಆ ಊರಿನ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತಮದ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವನಿಗೆ ಸಿಗುತ್ತಿದ್ದುದು ಬೇಗ ಬಾಡುವ ಎಲೆಗಳ ಕಿರೀಟ. ಓಡುವವರು ಅನೇಕರು, ಬಹುಮಾನ ಒಬ್ಬನಿಗೆ, ನೀವು ಅವನಂತೆ ಶ್ರಮಪಟ್ಟು ಓಡಿ ಎಂಬುದು ಅವರ ಬುದ್ಧಿವಾದ. ಬೆಳಗಿನ ಜಾವ ನಮ್ಮ ಊರಿನ ಮೈದಾನಗಳಲ್ಲಿ ಪೊಲೀಸ್ ಭರತಿಗಾಗಿ ಓಡುವ ಮಕ್ಕಳನ್ನು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 800. ಸಾವಿರಾರು ಮಕ್ಕಳು, ಬೆರಳೆಣಿಕೆಯ ಜಾಗ. ಒಂದೆರಡು ಸೆಕೆಂಡಿನಲ್ಲಿ ವರ್ಷದ ಶ್ರಮ ನೀರಾಗುತ್ತದೆ.

ಆದರೆ ಪೌಲರು ಅಲ್ಲಿಗೇ ನಿಲ್ಲುವುದಿಲ್ಲ. ಮುದುಕರಾಗಿ, ಸೆರೆಯಲ್ಲಿ, ಸಾವಿನ ಮುಂದೆ ಕೂತು ತಿಮೊಥೇಯನಿಗೆ ಬರೆಯುವಾಗ ಓಟ ಮುಗಿಸಿದ ಸಂತೋಷ ಹೇಳಿಕೊಂಡು, ಆ ಕಿರೀಟ ತನಗೊಬ್ಬನಿಗಲ್ಲ, ಪ್ರಭುವಿನ ಬರುವಿಕೆಯನ್ನು ಪ್ರೀತಿಯಿಂದ ಕಾದ ಎಲ್ಲರಿಗೂ ಇದೆ ಎನ್ನುತ್ತಾರೆ. ಎಂಥ ಓಟ ಇದು! ಪಕ್ಕದವನು ಮುಟ್ಟಿದರೆ ನನ್ನದು ಕಳೆದುಹೋಗುವುದಿಲ್ಲ. ದ್ರಾಕ್ಷಿತೋಟದ ಸಾಮತಿಯಲ್ಲೂ ಹೀಗೆಯೇ. ಸಂಜೆಯವರೆಗೆ ಪೇಟೆಯಲ್ಲಿ ನಿಂತವರನ್ನು ಯಜಮಾನ ವಿಚಾರಿಸಿದಾಗ ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂದರು. ಕರೆದವರು ಯಾರು ಎಂದು ನಮ್ಮ ಆ ತಾಯಿ ಕೇಳಿದ್ದು ನೆನಪಾಗುತ್ತದೆ. ಯಜಮಾನ ಕರೆದ, ಒಂದೇ ಗಂಟೆ ದುಡಿದವರಿಗೆ ಪೂರ್ತಿ ಕೂಲಿ ಕೊಟ್ಟ. ಲೆಕ್ಕ ಸರಿಯಿಲ್ಲವೆಂದು ಬೆಳಗಿನವರು ಗೊಣಗಿದರು. ಲೆಕ್ಕಕ್ಕಿಲ್ಲದವರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಹಳೆಯ ಲೆಕ್ಕ ತಪ್ಪಿಯೇ ತಪ್ಪುತ್ತದೆ.

ಹಾವು-ಏಣಿಯ ಹಳೆಯ ಪಟವನ್ನು ಮರಾಠಿ ನಾಡಿನಲ್ಲಿ ಮೋಕ್ಷಪಟ ಎಂದು ಜ್ಞಾನೇಶ್ವರರ ಹೆಸರಿಗೆ ಜೋಡಿಸಿ ಹೇಳುತ್ತಾರೆ, ಕನ್ನಡದಲ್ಲಿ ಪರಮಪದ ಸೋಪಾನ ಎನ್ನುತ್ತಾರೆ. ಏಣಿಗಳು ಸದ್ಗುಣ, ಹಾವುಗಳು ದುರ್ಗುಣ. ಮಕ್ಕಳಿಗೆ ಕಲಿಸಲು ಒಳ್ಳೆಯದು. ಆದರೆ ಅಲ್ಲಿ ಪ್ರತಿಯೊಬ್ಬನ ಕಾಯಿ ಒಂಟಿ. ನಾನು ಏಣಿ ಹತ್ತಿದರೆ ಹಾವಿನ ಬಾಯಿಗೆ ಬಿದ್ದ ನಿನಗೆ ಏನೂ ಆಗುವುದಿಲ್ಲ. ನಮ್ಮ ವಿಶ್ವಾಸಕ್ಕೆ ಅದು ಸಾಲದು ಎಂದೇ ನಮ್ಮ ಅಭಿಪ್ರಾಯ.

ಸಾಲುವ ಆಟ ನಮ್ಮ ಮಣ್ಣಿನಲ್ಲೇ ಇದೆ. ಮರಾಠಿಯಲ್ಲಿ ಹುತುತು ಎಂದು ಕರೆಯುತ್ತಿದ್ದ ಕಬಡ್ಡಿಯನ್ನು ಹಿಂದೆ ಮೂರು ಬಗೆಯಾಗಿ ಆಡುತ್ತಿದ್ದರು. ಗಾಮಿನಿ ಎಂಬ ಬಗೆಯಲ್ಲಿ ಔಟಾದವನು ಹೊರಗೇ. ತಂಡ ಪೂರ್ತಿ ಮುಗಿಯುವವರೆಗೆ ಅವನಿಗೆ ಒಳಗೆ ಜಾಗವಿಲ್ಲ. ಅಮರ ಎಂಬುದರಲ್ಲಿ ಯಾರೂ ಹೊರಗೆ ಹೋಗುವುದಿಲ್ಲ, ಮುಟ್ಟಿದರೆ ಎದುರಾಳಿಗೆ ಒಂದು ಅಂಕ, ಅಷ್ಟೇ. ಸಂಜೀವನಿ ಎಂಬ ಮೂರನೆಯದರಲ್ಲಿ ಔಟಾದವನು ಹೊರಗೆ ಹೋಗಿ ಕೂರುತ್ತಾನೆ, ಆದರೆ ಅವನ ಕಡೆಯವನೊಬ್ಬ ಎದುರಾಳಿಯನ್ನು ಔಟ್ ಮಾಡಿದೊಡನೆ ಎದ್ದು ಒಳಗೆ ಬರುತ್ತಾನೆ. 1990ರಲ್ಲಿ ಬೀಜಿಂಗ್‌ನ ಏಷ್ಯನ್ ಕ್ರೀಡಾಕೂಟಕ್ಕೆ ಹೋದ ಕಬಡ್ಡಿ, ಈಗ ನಾವು ಟಿವಿಯಲ್ಲಿ ನೋಡುವ ಕಬಡ್ಡಿ, ಎರಡೂ ಈ ಮೂರನೆಯದರ ದಾರಿಯಲ್ಲಿ ನಡೆಯುವಂಥವು.

ಬದುಕು ಆಟ ಎನ್ನುವವರನ್ನು ನಾವು ಕೇಳಬೇಕಾದದ್ದು ಈ ಮೂರರಲ್ಲಿ ಯಾವುದು ಎಂದು. ಸಾಲಗಾರರದು, ಮುಚ್ಚಿದ ಗಿರಣಿಯದು, ನಮ್ಮ ಕೆಲವು ನೆಂಟರದೂ ಗಾಮಿನಿ. ಒಮ್ಮೆ ಬಿದ್ದವನು ಬಿದ್ದವನೇ. ಶುಭೋದಯದ ಚಿತ್ರಗಳ ಕೆಳಗಿನ ಉಪದೇಶ ಅಮರದ್ದು: ಏನೂ ಕಳೆದಿಲ್ಲ, ಎಲ್ಲ ಒಳ್ಳೆಯದಕ್ಕೇ, ನಗುತ್ತಿರು. ಕೇಳಲು ಹಿತ. ಆದರೆ ಮನೆ ಅಡ ಇಟ್ಟವರಿಗೆ ಅದು ಸುಳ್ಳೆಂದು ಗೊತ್ತು. ಸಂಜೀವನಿ ಮಾತ್ರ ಸೋಲನ್ನು ಸೋಲೆಂದು ಒಪ್ಪಿಕೊಂಡು, ಆಮೇಲೆ ಬಾಗಿಲು ತೆರೆದಿಡುತ್ತದೆ. ಹೊರಗೆ ಕೂತವನು ಎಷ್ಟೇ ಕುಸ್ತಿಪಟುವಾಗಿದ್ದರೂ ತನ್ನ ಬಲದಿಂದ ತಾನು ಒಳಗೆ ಬರಲಾರ. ಇನ್ನೊಬ್ಬನ ಉಸಿರಿನಿಂದ ಬರುತ್ತಾನೆ. ವಿಶ್ವಾಸ ಪ್ರಮಾಣದಲ್ಲಿ ಸಂತರ ಸಂಬಂಧವನ್ನು ನಂಬುತ್ತೇವೆ ಎಂದು ಪ್ರತಿ ಭಾನುವಾರ ಹೇಳುತ್ತೇವಲ್ಲ, ಅದನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಹತ್ತಿರದ ದಾರಿ ನಮಗೆ ಕಂಡಿಲ್ಲ.

ಒಂಟಿಯಾಗಿ ಎದುರಾಳಿಗಳ ಅಂಕಣಕ್ಕೆ ಹೋದವನನ್ನು ಏಳು ಜನ ಮುಗಿಬಿದ್ದು ಹಿಡಿಯುತ್ತಾರೆ. ಮುಗಿಯಿತು ಎನ್ನುವಾಗ ಅವನ ಬೆರಳ ತುದಿ ನಡುಗೆರೆಗೆ ತಾಗಿದರೆ ಹಿಡಿದವರೆಲ್ಲ ಔಟ್, ಹೊರಗೆ ಕೂತಿದ್ದ ಅವನ ಜನರೆಲ್ಲ ಒಳಗೆ. ಪಾಸ್ಖಕಾಲದಲ್ಲಿ ನಾವು ಹಾಡುವುದು ಇದನ್ನೇ ಎನ್ನಬಹುದು. ಒಂದು ವ್ಯತ್ಯಾಸ ಮಾತ್ರ ಉಂಟು. ನಮ್ಮ ಪ್ರಭು ಹಿಡಿದವರಿಗಾಗಿಯೂ ಕ್ಷಮೆ ಬೇಡಿದ. ಚೀಟಿ ಹಾಕುತ್ತಿದ್ದ ಆ ಸೈನಿಕರೂ ಅದರಲ್ಲಿ ಸೇರಿದರು. ಅಲ್ಲಿಗೆ ಕಬಡ್ಡಿಯ ಹೋಲಿಕೆ ನಿಲ್ಲುತ್ತದೆ, ಯಾವ ಆಟದ ಹೋಲಿಕೆಯೂ ಅಲ್ಲಿಂದ ಮುಂದೆ ಬರಲಾರದು.

ನಿಯಮದ ಪುಸ್ತಕದಲ್ಲಿ ಇನ್ನೊಂದು ಸಾಲು ಉಂಟು, ನೋಡುವಾಗ ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಹೊರಗೆ ಕೂತವರು ಒಳಗೆ ಬರುವುದು ಔಟಾದ ಕ್ರಮದಲ್ಲೇ. ಒಳ್ಳೆಯ ಆಟಗಾರ ಮೊದಲು ಎಂದಿಲ್ಲ, ನಾಯಕನಿಗೆ ಬೇಕಾದವನು ಮೊದಲು ಎಂದಿಲ್ಲ. ಯಾರು ಎಲ್ಲರಿಗಿಂತ ಹೆಚ್ಚು ಹೊತ್ತು ಹೊರಗೆ ಕೂತಿದ್ದಾನೋ ಅವನು ಮೊದಲು. ಸಾಲದ ನಾಚಿಕೆಯಿಂದ, ಕುಡಿತದಿಂದ, ಮದುವೆ ಮುರಿದು ಜನರ ಮಾತಿಗೆ ಹೆದರಿ ಬಲಿಪೂಜೆಗೆ ಬರುವುದನ್ನು ಬಿಟ್ಟವರನ್ನು ನಾವು ಕೆಲವರು ಈ ಕ್ರಮದಲ್ಲಿ ನೆನಪಿಸಿಕೊಂಡು ನೋಡಿದೆವು. ರಮ್ಮಿಯ ಹುಡುಗ ಆ ಸಾಲಿನಲ್ಲಿ ಕೊನೆಯವನು. ಮೊದಲನೆಯವರು ಅಕ್ಕಲಕೋಟದ ಕಡೆಯ ಒಂದು ಹಳ್ಳಿಯಲ್ಲಿದ್ದಾರೆ. ಅಲ್ಲಿಗೆ ಬೆಳಿಗ್ಗೆ ಬಸ್ಸು ಇದೆ.